ಕೋವಿ ಕಾಯುವ ಹೆಂಗಸರು

ನಮ್ಮ ಮನೆಯ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಲು ಕೊಂಡಿಯೇ ಇರಲಿಲ್ಲ. ಒಳಗಡೆ ಮರದ ಅಗುಳಿ ಇತ್ತು, ಅಷ್ಟೇ. ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಿಂದ ಒಂದು ಮೈಲಿ ಒಳಗಿದ್ದ ಆ ಮನೆಗೆ ಬಂದ ನೆಂಟರು ಇದನ್ನು ನೋಡಿ, ಈ ಕಡೆಯ ಜನ ಎಷ್ಟು ಸಾಚಾ, ಕಳ್ಳರ ಹೆದರಿಕೆಯೇ ಇಲ್ಲ ಎಂದು ಹೊಗಳಿ ಹೋಗುತ್ತಿದ್ದರು. ನಾವು ಯಾರೂ ತಿದ್ದುತ್ತಿರಲಿಲ್ಲ. ನಿಜವಾದ ಕಾರಣ ನಡುಕೋಣೆಯ ಗೋಡೆಯಲ್ಲಿ ಎರಡು ಗೂಟಗಳ ಮೇಲೆ ಮಲಗಿತ್ತು. ಅದು ಅಜ್ಜಯ್ಯನ ಜೋಡಿನಳಿಗೆಯ ಕೋವಿ. ಕೋವಿ ಇರುವ ಮನೆಯನ್ನು ಖಾಲಿ ಬಿಡುವ ಹಾಗಿಲ್ಲ, ಯಾವಾಗಲೂ ಮನೆಯವರೊಬ್ಬರು ಒಳಗೆ ಇರಲೇಬೇಕು ಎಂಬುದು ಅಜ್ಜಯ್ಯನ ಕಾನೂನು. ಸದಾ ಒಬ್ಬರು ಇರುವ ಮನೆಗೆ ಬೀಗ ಯಾಕೆ ಬೇಕು? ಆ ಒಬ್ಬರು ಯಾರು ಎಂದು ಮಾತ್ರ ಯಾವ ನೆಂಟರೂ ಕೇಳಲಿಲ್ಲ. ಅದು ನನ್ನ ಅಮ್ಮ.

ಈಗ ಆ ಕೋವಿ ನನ್ನ ಹೆಸರಿನಲ್ಲಿದೆ. ಅಜ್ಜಯ್ಯನಿಂದ ಅಪ್ಪಯ್ಯನಿಗೆ ಬಂತು, ಅಪ್ಪಯ್ಯನಿಂದ ಒಬ್ಬಳೇ ಮಗಳಾದ ನನಗೆ. ಲೈಸೆನ್ಸ್ ಹೆಸರು ಬದಲಾಯಿಸಲು ಆಫೀಸಿಗೆ ಹೋದಾಗ ಕಂಪ್ಯೂಟರ್ ಮುಂದೆ ಕೂತಿದ್ದಾಕೆ, ಮೇಡಂ ನಿಮಗೆ ಕೋವಿ ಹೊಡೆಯಲು ಬರುತ್ತದೆಯೇ ಎಂದು ಕೇಳಿದಳು. ಹೊಡೆಯಲು ಬರುವುದಿಲ್ಲ, ಕಾಯಲು ಬರುತ್ತದೆ ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಅರವತ್ತರ ಹತ್ತಿರ ಬಂದರೂ ಯಾರಾದರೂ ಮದುವೆಗೆ ಕರೆದರೆ ನನ್ನ ಬಾಯಿಂದ ಮೊದಲು ಬರುವ ಮಾತು, ಅವತ್ತು ಮನೆಯಲ್ಲಿ ಯಾರಿರುತ್ತಾರೆ ನೋಡಬೇಕು ಎಂಬುದೇ. ನನ್ನ ಗಂಡ ಇದನ್ನು ಕೇಳಿ ಕೇಳಿ ಬೇಸತ್ತು ಈಗ ನಗುವುದನ್ನೂ ಬಿಟ್ಟಿದ್ದಾರೆ. ಊರೂರು ತಿರುಗಬೇಕೆಂಬ ಆಸೆ ನನಗೂ ಉಂಟು. ಆದರೆ ಹೊರಟ ಬಸ್ಸು ಮೊದಲ ತಿರುವು ದಾಟುವಾಗಲೇ ಮನೆಯಲ್ಲಿ ಯಾರಿದ್ದಾರೆ ಎಂದು ಫೋನು ಮಾಡಲು ಕೈ ಚೀಲಕ್ಕೆ ಹೋಗುತ್ತದೆ. ಇದು ನನಗೆ ಎಲ್ಲಿ ಅಂಟಿತು ಎಂದು ಚೆನ್ನಾಗಿ ಗೊತ್ತು.

ಕೋವಿ ತಂದವರು ಅಜ್ಜಯ್ಯನ ಅಪ್ಪ. ಅದು ಬೇಟೆಗೆ ಅಡ್ಡಿಯಿಲ್ಲದ ಕಾಲ. ಸುಗ್ಗಿ ಮುಗಿದ ಮೇಲೆ ಊರಿನ ಗಂಡಸರೆಲ್ಲ ಸೇರಿ ಕಾಡು ಸೋವಿ, ಅಂದರೆ ಕೂಗಿ ಗದ್ದಲ ಮಾಡಿ ಪ್ರಾಣಿಗಳನ್ನು ಎಬ್ಬಿಸಿ, ಹಂದಿ ಹೊಡೆದರೆ ಮಾಂಸವನ್ನು ಅಲ್ಲೇ ಪಾಲು ಹಾಕುತ್ತಿದ್ದರಂತೆ. ಹೊಡೆದವನಿಗೊಂದು, ಸೋವಿದವರಿಗೆಲ್ಲ ಒಂದೊಂದು, ನಾಯಿಗೊಂದು, ಕೋವಿಗೊಂದು. ಕೋವಿ ಪಾಲು ಕೋವಿಯ ಮನೆಗೆ ಬರುತ್ತಿತ್ತು, ಮನೆಯ ಯಜಮಾನ ಜ್ವರ ಬಂದು ಮಲಗಿದ್ದರೂ ಸರಿ. ನಾನು ಕಣ್ಣು ಬಿಡುವ ಹೊತ್ತಿಗೆ ಬೇಟೆ ನಿಷೇಧವಾಗಿ, ಕೋವಿ ಇರುವುದು ಗದ್ದೆಗೆ ಇಳಿಯುವ ಹಂದಿ ಓಡಿಸಲು ಎಂದು ಲೈಸೆನ್ಸಿನಲ್ಲಿ ಬರೆಸಿಕೊಂಡಾಗಿತ್ತು. ಪೈರಿನ ಕಾಲದಲ್ಲಿ ಅಪ್ಪಯ್ಯ ಮೂರೋ ನಾಲ್ಕೋ ಸಲ ಆಕಾಶಕ್ಕೆ ಹೊಡೆಯುತ್ತಿದ್ದರು, ಹಂದಿಗಳು ಆಚೆ ದಿಬ್ಬಕ್ಕೆ ಹೋಗಿ ಮರುದಿನ ವಾಪಸು ಬರುತ್ತಿದ್ದವು. ಆದರೆ ಕೋವಿ ಪಾಲು ಮಾತ್ರ ನಿಲ್ಲಲಿಲ್ಲ. ಮನೆಯಲ್ಲಿ ಕೋಳಿ ಕೊಯ್ದ ದಿನ ಮೊದಲ ತುಂಡನ್ನು ಬಾಳೆಲೆಯ ಚೂರಿನ ಮೇಲೆ ಹಾಕಿ ಕೋವಿಯ ಕೆಳಗೆ ಇಡಬೇಕು, ಸ್ವಲ್ಪ ಹೊತ್ತು ಬಿಟ್ಟು ಅದನ್ನು ಅಜ್ಜಯ್ಯ ಉಣ್ಣಬೇಕು. ಕೋವಿಗೆ ಆದ ಮೇಲೆ ಅಜ್ಜಯ್ಯ, ಆಮೇಲೆ ಅಪ್ಪಯ್ಯ, ನಾನು. ಅಮ್ಮ ಒಲೆಯ ಹತ್ತಿರ ಕೂತು, ಪಾತ್ರೆಯ ತಳದಲ್ಲಿ ಉಳಿದ ಸಾರಿಗೆ ಅನ್ನ ಕಲಸಿಕೊಳ್ಳುತ್ತಿದ್ದಳು. ಒಂದು ಕಬ್ಬಿಣದ ಸಾಮಾನು ನನ್ನ ಅಮ್ಮನಿಗಿಂತ ಮೊದಲು ಉಣ್ಣುತ್ತದೆ ಎಂಬುದು ನನಗೆ ಆಗ ವಿಚಿತ್ರವಾಗಿ ಕಾಣಲಿಲ್ಲ. ಎಲ್ಲರ ಮನೆಯಲ್ಲೂ ಹೀಗೇ ಎಂದುಕೊಂಡಿದ್ದೆ.

ಮನೆ ಖಾಲಿ ಬಿಡಬಾರದು ಎಂಬ ಕಾನೂನು ಬಂದದ್ದು ನಾನು ಹುಟ್ಟುವ ಮೊದಲು. ನಮ್ಮ ಆಚೆ ಮನೆಯವರು ಒಂದು ಮದುವೆಗೆ ಮನೆಮಂದಿಯೆಲ್ಲ ಹೋಗಿದ್ದಾಗ ಅವರ ಕೋವಿ ಕಳುವಾಯಿತು. ಆಚೆ ಮನೆಯ ಯಜಮಾನನನ್ನು ಠಾಣೆಗೆ ಕರೆಸಿ ಎರಡು ದಿನ ಕೂರಿಸಿದರು, ಲೈಸೆನ್ಸ್ ಕಿತ್ತುಕೊಂಡರು. ಆಮೇಲೆ ಆ ಮನುಷ್ಯ ಸಾಯುವವರೆಗೂ ನೆಲ ನೋಡಿಕೊಂಡೇ ನಡೆದರಂತೆ. ಅಜ್ಜಯ್ಯ ಅವರ ಸ್ನೇಹಿತರು. ಠಾಣೆಯ ಬಾಗಿಲಲ್ಲಿ ಸ್ನೇಹಿತನಿಗಾಗಿ ಕಾದು ನಿಂತು ವಾಪಸು ಬಂದ ದಿನವೇ ಅವರು ಬಾಗಿಲ ಕೊಂಡಿ ಕೀಳಿಸಿದರು. ಮನೆಗೆ ಬೀಗ ಹಾಕಿ ಹೋಗುವವರ ಕೋವಿ ಹೋಗುತ್ತದೆ, ಬೀಗವೇ ಇಲ್ಲದಿದ್ದರೆ ಯಾರಾದರೊಬ್ಬರು ಇದ್ದೇ ಇರುತ್ತಾರೆ ಎಂಬುದು ಅವರ ಲೆಕ್ಕಾಚಾರ. ಕೆಲಸದವರನ್ನು ಕೂರಿಸಿ ಹೋಗುವಂತಿಲ್ಲ, ನೆಂಟರನ್ನು ಕೂರಿಸುವಂತಿಲ್ಲ. ಮನೆಯವರೇ ಆಗಬೇಕು. ಗಂಡಸರಿಗೆ ಹೊರಗೆ ಕೆಲಸ. ಹಾಗಾಗಿ ಅಪ್ಪಯ್ಯನ ಅಮ್ಮ, ನನ್ನ ಅಜ್ಜಿ, ಕೂತರು. ಅವರು ಹತ್ತಿರದ ಶೃಂಗೇರಿಯನ್ನೂ ನೋಡದೆ ತೀರಿಕೊಂಡರು. ಅವರ ಉತ್ತರಕ್ರಿಯೆಯ ಬೊಜ್ಜ ಮುಗಿದ ವಾರಕ್ಕೆ ಅಮ್ಮ ಕೂತಳು. ಕೋವಿ ನಮ್ಮಲ್ಲಿ ಗಂಡಸರ ಕೈಯಿಂದ ಕೈಗೆ ಬಂತು, ಕಾಯುವ ಕೆಲಸ ಹೆಂಗಸರ ಕೈಯಿಂದ ಕೈಗೆ.

ಅಜ್ಜಯ್ಯ ಮನೆಯಲ್ಲಿದ್ದ ದಿನವಾದರೂ ಅಮ್ಮ ಹೊರಗೆ ಹೋಗಬಹುದಿತ್ತಲ್ಲ ಎಂದು ಕೇಳಬಹುದು. ಅಜ್ಜಯ್ಯ ಮನೆಯಲ್ಲಿದ್ದರೆ ಅವರಿಗೆ ಹೊತ್ತುಹೊತ್ತಿಗೆ ಕಾಫಿ, ಗಂಜಿ, ಬಿಸಿನೀರು ಆಗಬೇಕು. ಅವರು ಹೊರಗೆ ಹೋದರೆ ಕೋವಿಗೆ ಜನ ಬೇಕು. ಹೀಗೆ ಒಂದು ಕಡೆಯಿಂದ ಅಜ್ಜಯ್ಯ, ಇನ್ನೊಂದು ಕಡೆಯಿಂದ ಕೋವಿ, ನಡುವೆ ಅಮ್ಮ. ಅಪ್ಪಯ್ಯ ಕೆಟ್ಟವರಲ್ಲ. ತಮ್ಮ ಅಪ್ಪನ ಎದುರಿಗೆ ಮಾತ್ರ ಅವರ ಬಾಯಿಂದ ಹೂಂ ಬಿಟ್ಟು ಬೇರೆ ಶಬ್ದ ಬಂದದ್ದನ್ನು ನಾನು ಕೇಳಿಲ್ಲ. ಅಜ್ಜಯ್ಯನ ಕೈ ನಡುಗಲು ಶುರುವಾದ ಮೇಲೆ ಕೋವಿಗೆ ಎಣ್ಣೆ ಹಾಕುವ ಕೆಲಸವೂ ಅಮ್ಮನ ಪಾಲಿಗೆ ಬಂತು. ತಿಂಗಳಿಗೊಮ್ಮೆ ಅವಳು ಚಾಪೆಯ ಮೇಲೆ ಕೂತು ನಳಿಗೆಯನ್ನು ಮರದ ಹಿಡಿಯಾದ ದಿಮ್ಮಿಯಿಂದ ಬಿಡಿಸಿ, ಬಟ್ಟೆ ಸುತ್ತಿದ ಕಡ್ಡಿ ತೂರಿಸಿ ಒರೆಸಿ, ಮತ್ತೆ ಟಕ್ಕೆಂದು ಕೂಡಿಸಿ ಗೂಟಕ್ಕೆ ಏರಿಸುವಳು. ಅಪ್ಪಯ್ಯನಿಗಿಂತ ಅವಳಿಗೇ ಅದರ ಅಂಗಾಂಗ ಚೆನ್ನಾಗಿ ಗೊತ್ತಿತ್ತು. ನನಗೆ ಅದನ್ನು ಕಂಡರೆ ಹೆದರಿಕೆ. ನಡುಕೋಣೆ ದಾಟುವಾಗ ಗೋಡೆಯ ಕಡೆ ನೋಡದೆ ಓಡುತ್ತಿದ್ದೆ. ಹಟ ಮಾಡಿದಾಗಲೆಲ್ಲ ಅಜ್ಜಯ್ಯ, ಒಂಟಿ ಮಕ್ಕಳನ್ನು ಕಂಡರೆ ಕೋವಿಗೆ ಆಗುವುದಿಲ್ಲ ಎಂದು ಹೆದರಿಸಿದ್ದರು, ಅದು ಮೈಯಲ್ಲಿ ಕೂತುಬಿಟ್ಟಿತ್ತು.

ಅಮ್ಮನಿಗೆ ಬಿಡುಗಡೆ ಸಿಗುತ್ತಿದ್ದದ್ದು ಓಟು ಬಂದಾಗ. ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸ್ ಇರುವ ಕೋವಿಗಳನ್ನೆಲ್ಲ ಠಾಣೆಗೆ ಕೊಟ್ಟು ರಸೀದಿ ತರಬೇಕು, ಎಣಿಕೆ ಮುಗಿದ ಮೇಲೆ ವಾಪಸು ತರಬೇಕು. ಇದು ಈಗಲೂ ಇದೆ. ಅಜ್ಜಯ್ಯ ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋಗುವ ದಿನ ಮನೆಯಲ್ಲಿ ಸಾವಾದ ಹಾಗೆ ಇರುತ್ತಿತ್ತು, ಅಂದರೆ ಅಜ್ಜಯ್ಯನ ಮುಖದಲ್ಲಿ. ಅಮ್ಮನ ಮುಖದಲ್ಲಿ ಹಬ್ಬ. ಓಟಿನ ಕಾಲದಲ್ಲಿ ಗಂಡಸರೆಲ್ಲ ಪ್ರಚಾರಕ್ಕೆಂದು ಊರೂರು ತಿರುಗುವವರು, ಹೋದ ಮನೆಯಲ್ಲಿ ಊಟ, ಅದೂ ಕೋಳಿಯೂಟ. ಆದ್ದರಿಂದ ಅಡುಗೆಗೂ ಜನ ಬೇಡ, ಕೋವಿಗೂ ಜನ ಬೇಡ. ಬಾಗಿಲು ಮುಂದೆ ಮಾಡಿ ಅಮ್ಮ ನನ್ನನ್ನು ಕರೆದುಕೊಂಡು ಕೆರೆಕಟ್ಟೆಯ ತವರಿಗೆ ಹೊರಟುಬಿಡುವಳು. ಒಂದು ತಿಂಗಳು. ಆ ಮನೆಯಲ್ಲಿ ನನ್ನ ಇನ್ನೊಬ್ಬ ಅಜ್ಜಿ, ಅಮ್ಮನ ಅವ್ವ, ಮತ್ತು ನನ್ನ ಸೋದರಮಾವ ಇದ್ದರು. ಅಲ್ಲಿ ಅಮ್ಮ ಜೋರಾಗಿ ನಗುತ್ತಿದ್ದಳು. ನಾರ್ವೆಯಲ್ಲಿ ಅವಳಿಗೆ ಅಂಥ ನಗು ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಅಮ್ಮನ ತಲೆಗೆ ಎಣ್ಣೆ ತಟ್ಟುವುದು, ನಲವತ್ತರ ಹತ್ತಿರದ ಅಮ್ಮ ಮಗುವಿನ ಹಾಗೆ ಕಣ್ಣು ಮುಚ್ಚಿ ಕೂರುವುದು, ಅದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಹಾಗಾಗಿ ಅಮ್ಮ ರೇಡಿಯೋ ವಾರ್ತೆಯನ್ನು ಯಾವ ರಾಜಕಾರಣಿಯೂ ಕೇಳದಷ್ಟು ಶ್ರದ್ಧೆಯಿಂದ ಕೇಳುವಳು. ಸರ್ಕಾರ ಅಲುಗಾಡುತ್ತಿದೆ ಎಂದರೆ ಸಾಕು, ಹಪ್ಪಳದ ಹಿಟ್ಟು ಕಲಸುವಳು, ತವರಿಗೆ ಒಯ್ಯಲು. ಸರ್ಕಾರ ಉಳಿದುಕೊಂಡರೆ ಆ ಹಪ್ಪಳವನ್ನು ನಾವು ತಿನ್ನುತ್ತಿದ್ದೆವು. ಯಾವ ಪಕ್ಷ ಬರುತ್ತದೆ, ಯಾರು ಮಂತ್ರಿಯಾಗುತ್ತಾರೆ, ಅವಳಿಗೆ ಏನೂ ಬೇಕಾಗಿರಲಿಲ್ಲ. ಯಾರಾದರೂ ಬೀಳಬೇಕು, ಅಷ್ಟೇ. ನಾನು ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಎರಡೂವರೆ ವರ್ಷದಿಂದ ಯಾರೂ ಬಿದ್ದಿರಲಿಲ್ಲ. ಎರಡೂವರೆ ವರ್ಷ ಅಮ್ಮ ತನ್ನ ಅವ್ವನ ಮುಖ ನೋಡಿರಲಿಲ್ಲ. ನಾರ್ವೆಯಿಂದ ಕೆರೆಕಟ್ಟೆ ಬೇರೆ ದೇಶವೇನಲ್ಲ. ಕೊಪ್ಪದಲ್ಲೊಮ್ಮೆ, ಶೃಂಗೇರಿಯಲ್ಲೊಮ್ಮೆ ಬಸ್ಸು ಬದಲಿಸಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು.

ಆ ಬೇಸಗೆಯ ಮೊದಲಲ್ಲಿ ಅಜ್ಜಯ್ಯ ಮತ್ತು ಅಪ್ಪಯ್ಯ ನರಸಿಂಹರಾಜಪುರದಲ್ಲಿ ನೆಂಟರ ಮದುವೆಗೆ ಹೋದರು. ಎರಡು ದಿನದ ಮದುವೆ. ಅಮ್ಮ ಕೋವಿಯ ಜೊತೆ ಉಳಿದಳು, ನಾನು ಅಮ್ಮನ ಜೊತೆ. ಅವರು ಹೋದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿನ ಕಂಡಕ್ಟರ್ ರಸ್ತೆಯಲ್ಲೇ ಗಾಡಿ ನಿಲ್ಲಿಸಿ, ಒಂದು ಚೀಟಿ ಕಳಿಸಿದ. ಸೋದರಮಾವ ಶೃಂಗೇರಿಯಲ್ಲಿ ಬಸ್ಸಿನವರ ಕೈಗೆ ಕೊಟ್ಟದ್ದು, ಕೈಯಿಂದ ಕೈಗೆ ಬಂದಿತ್ತು. ಅವ್ವನಿಗೆ ಮೈಗೆ ಹುಷಾರಿಲ್ಲ, ಊಟ ಬಿಟ್ಟು ಐದು ದಿನವಾಯಿತು, ನಿನ್ನ ಹೆಸರನ್ನೇ ಹೇಳುತ್ತಿದ್ದಾಳೆ, ಬರುವುದಾದರೆ ಇವತ್ತೇ ಬಾ ಎಂದು ಬರೆದಿತ್ತು. ಅಮ್ಮ ಓದಿ, ಒಲೆಯ ಮೇಲಿದ್ದ ಪಾತ್ರೆ ಇಳಿಸಿದಳು. ಬೆಂಕಿಗೆ ನೀರು ಹಾಕಿದಳು. ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ನನ್ನ ಎರಡೂ ಕೈ ಹಿಡಿದುಕೊಂಡಳು.

"ಶಾರಿ, ಇವತ್ತೊಂದಿನ ನೀನು ಮನೇಲಿ ಇರ್ತೀಯಾ? ಸಂಜೆಗೆ ಅಪ್ಪಯ್ಯ ಬರ್ತಾರೆ. ಗಂಜಿ ಮಾಡಿಟ್ಟಿದೀನಿ. ಅಗುಳಿ ಹಾಕ್ಕಂಡು ಒಳಗಿರು, ಯಾರು ಕರೆದ್ರೂ ತೆಗೀಬೇಡ."

"ನಾನೊಬ್ಳೇ ಇರಲ್ಲ."

"ಒಂದೇ ದಿನ ಮಗ. ನಮ್ಮವ್ವ ಇನ್ನು ಸಿಗ್ತಾಳೋ ಇಲ್ವೋ."

"ಕೋವಿ ಜೊತೆ ನಾನಿರಲ್ಲ."

ನಾನು ಅತ್ತೆ. ಅತ್ತದ್ದಷ್ಟೇ ಅಲ್ಲ, ಅವಳ ಸೆರಗನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ಬಿಡಲಿಲ್ಲ. ಹನ್ನೊಂದು ವರ್ಷದ ಹುಡುಗಿ, ಹಟ ಮಾಡುವ ವಯಸ್ಸಲ್ಲ. ನನ್ನ ಹೆದರಿಕೆ ನಿಜವಾದದ್ದು, ಅದನ್ನು ಇವತ್ತಿಗೂ ಹೇಳುತ್ತೇನೆ. ಆದರೆ ಆ ಅಳುವಿನ ಒಳಗೆ ಇನ್ನೊಂದು ಸಂಗತಿಯೂ ಇತ್ತು. ಕೆರೆಕಟ್ಟೆಯಲ್ಲಿ ನಗುವ ಅಮ್ಮ ನನ್ನನ್ನು ಬಿಟ್ಟು ಅಲ್ಲಿಗೆ ಹೋಗುವುದು ನನಗೆ ಬೇಡವಾಗಿತ್ತು. ಅಮ್ಮ ಬೈಯಲಿಲ್ಲ. ನನ್ನ ಮುಷ್ಟಿಯಿಂದ ಸೆರಗು ಬಿಡಿಸಿಕೊಂಡು, ಎದ್ದು ನಡುಕೋಣೆಗೆ ಹೋದಳು. ಟಕ್ಕೆಂದ ಸದ್ದು ಕೇಳಿತು. ಕೋವಿಯನ್ನು ಬಿಡಿಸಿದ್ದಳು. ನಳಿಗೆ ಒಂದು, ದಿಮ್ಮಿ ಒಂದು, ಎರಡನ್ನೂ ಚಾಪೆಯಲ್ಲಿ ಸುತ್ತಿ ಎರಡು ಕಡೆ ಬಾಳೆಪಟ್ಟೆಯಲ್ಲಿ ಕಟ್ಟಿದಳು. ತೋಟಾಗಳನ್ನು ತಿಂಡಿ ಡಬ್ಬಿಯಲ್ಲಿ ಹಾಕಿ, ಮೇಲೆ ಬಟ್ಟೆ ಮುಚ್ಚಿದಳು. ಮರದ ಪೆಟ್ಟಿಗೆಯಿಂದ ಲೈಸೆನ್ಸ್ ಪುಸ್ತಕ ತೆಗೆದು ಕುಪ್ಪಸದೊಳಗೆ ಇಟ್ಟುಕೊಂಡಳು. ಓಟಿನ ಕಾಲದಲ್ಲಿ ಠಾಣೆಯವರು ಕೋವಿ ಇಟ್ಟುಕೊಳ್ಳುತ್ತಾರೆ, ಈಗಲೂ ಇಟ್ಟುಕೊಳ್ಳುತ್ತಾರೆ, ರಸೀದಿ ತೆಗೆದುಕೊಂಡು ಹೋದರಾಯಿತು. ಅಷ್ಟು ಸರಳ ಎಂದು ಅವಳು ನಂಬಿದ್ದಳು. ಕೋವಿ ಕಾದು ಕಾದು ಅದರ ಕಾನೂನೆಲ್ಲ ತನಗೆ ಗೊತ್ತಿದೆ ಎಂದುಕೊಂಡಿದ್ದಳು.

ಬಸ್ಸಿನಲ್ಲಿ ಪ್ರತಿ ತಿರುವಿನಲ್ಲೂ ಚಾಪೆಯ ಸುರುಳಿ ಜಾರುತ್ತಿತ್ತು. ಅಮ್ಮ ಅದನ್ನು ಎರಡು ಕಾಲುಗಳ ನಡುವೆ ಒತ್ತಿ ಹಿಡಿದಿದ್ದಳು. ಪಕ್ಕದಲ್ಲಿ ಕೂತ ಹೆಂಗಸು ಚಾಪೆ ಎಲ್ಲಿ ಹೆಣೆಸಿದ್ದು, ಒಳ್ಳೆ ಗಟ್ಟಿ ಇದೆ ಎಂದು ಮುಟ್ಟಿ ನೋಡಲು ಬಂದಳು. ಅಮ್ಮ ತವರಿಗೆ ಒಯ್ಯುವುದು ಎಂದು ಹೇಳಿ ಈಚೆ ಎಳೆದುಕೊಂಡಳು. ಕೊಪ್ಪ ಪೇಟೆಯ ಠಾಣೆಯಲ್ಲಿ ನರೆತ ಮೀಸೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬರೆಯುತ್ತ ಕೂತಿದ್ದರು. ಅಮ್ಮ ಅವರ ಮೇಜಿನ ಮೇಲೆ ಚಾಪೆ ಬಿಚ್ಚಿದಳು. ಅವರು ಪೆನ್ನು ಕೆಳಗಿಟ್ಟರು.

"ಎಂತ ಇದು ತಾಯಿ?"

"ನಮ್ಮ ಮಾವನ ಕೋವಿ. ನಾಲ್ಕು ದಿನ ಇಟ್ಕಳಿ. ರಸೀದಿ ಕೊಡಿ, ನಂಗೆ ಕೆರೆಕಟ್ಟೆಗೆ ಹೋಗ್ಬೇಕು."

"ಈಗೆಂತ ಓಟಾ, ಮಾರಾಯ್ತಿ? ಸುಮ್ನೆ ಇಟ್ಕಳಕೆ ಬರಲ್ಲ. ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರು ಬಂದು ಬರ್ದು ಕೊಡ್ಬೇಕು."

"ಹಂಗಾದ್ರೆ ವಾಪಸು ತಗಂಡು ಹೋಗ್ತೀನಿ."

"ಅದೂ ಬಿಡಕೆ ಬರಲ್ಲ. ನೀವು ತಂದದ್ದೇ ತಪ್ಪು. ನಿಮ್ಮ ಕೈಲಿ ಕೋವಿ ಕೊಟ್ಟು ಕಳ್ಸಿದ್ರೆ ನನ್ನ ಕೆಲ್ಸ ಹೋಗ್ತದೆ. ಬರ್ಕಂಡ್ರೆ ನಿಮ್ಮ ಮೇಲೆ ಕೇಸಾಗ್ತದೆ. ಯಜಮಾನ್ರು ಬರ್ಲಿ. ಅಲ್ಲೀತಂಕ ಅಲ್ಲಿ ಕೂತ್ಕಳಿ."

ಅವರು ಒಳ್ಳೆಯ ಮನುಷ್ಯರು. ಫೋನು ತಿರುಗಿಸಿ ತಿರುಗಿಸಿ ನರಸಿಂಹರಾಜಪುರಕ್ಕೆ ಸುದ್ದಿ ಮುಟ್ಟಿಸಿದರು. ನಮಗೆ ಚಹಾ, ಬನ್ನು ತರಿಸಿಕೊಟ್ಟರು. ಕೋವಿಯನ್ನು ಚಾಪೆ ಸಮೇತ ನಮ್ಮ ಬೆಂಚಿನ ಪಕ್ಕದ ಗೋಡೆಗೆ ಒರಗಿಸಿ, ನೋಡ್ಕೊಳ್ಳಿ ತಾಯಿ ಎಂದು ಹೇಳಿ ಬರೆಯಲು ಕೂತರು. ಅಮ್ಮ ಠಾಣೆಯಲ್ಲೂ ಕೋವಿ ಕಾಯುತ್ತ ಕೂತಳು. ಆ ಬೆಂಚಿನಿಂದ ರಸ್ತೆ ಕಾಣುತ್ತಿತ್ತು. ಶೃಂಗೇರಿಗೆ ಹೋಗುವ ಬಸ್ಸುಗಳು ಒಂದೊಂದಾಗಿ ಹೋದವು. ಒಂಬತ್ತೂವರೆಯದ್ದು ಹೋಯಿತು, ಹನ್ನೊಂದರದ್ದು ಹೋಯಿತು, ಹನ್ನೆರಡೂಕಾಲಿನದ್ದು ಹೋಯಿತು. ಪ್ರತಿ ಬಸ್ಸು ಬಂದಾಗಲೂ ಅಮ್ಮನ ಬೆನ್ನು ನೆಟ್ಟಗಾಗಿ, ಅದು ತಿರುವಿನಲ್ಲಿ ಮರೆಯಾದ ಮೇಲೆ ಸಡಿಲವಾಗುತ್ತಿತ್ತು. ಶೃಂಗೇರಿಯಿಂದ ಕೆರೆಕಟ್ಟೆಗೆ ಕೊನೆಯ ಬಸ್ಸು ಮೂರು ಗಂಟೆಗೆ. ಇಲ್ಲಿ ಒಂದೂವರೆ ಬಸ್ಸು ತಪ್ಪಿದರೆ ಅದು ಸಿಗುವುದಿಲ್ಲ. ಒಂದೂವರೆಯದ್ದೂ ಹೋಯಿತು. ಅಮ್ಮ ಎಲೆಯಡಿಕೆ ಸಂಚಿ ಬಿಚ್ಚಿ, ಮತ್ತೆ ಕಟ್ಟಿದಳು. ನಾನು ಬೆಳಿಗ್ಗೆ ಹೂಂ ಎಂದಿದ್ದರೆ ಅವಳು ಇಷ್ಟು ಹೊತ್ತಿಗೆ ಅಜ್ಜಿಯ ಹತ್ತಿರ ಇರುತ್ತಿದ್ದಳು ಎಂಬುದು ನನಗೆ ಹೊಳೆದದ್ದು ಆಗ. ಅರ್ಧ ತಿಂದ ಬನ್ನನ್ನು ಬೆಂಚಿನ ಮೇಲಿಟ್ಟೆ. ಅಮ್ಮ ನನ್ನ ಬೆನ್ನು ತಟ್ಟಿ ನೀರು ಕುಡಿಸಿದಳು, ಅದು ಇನ್ನೂ ಕಷ್ಟವಾಯಿತು.

ಅಜ್ಜಯ್ಯ, ಅಪ್ಪಯ್ಯ ಬಂದದ್ದು ನಾಲ್ಕು ಗಂಟೆಗೆ. ಸುದ್ದಿ ಬೆಳಿಗ್ಗೆಯೇ ಮುಟ್ಟಿತ್ತು, ಧಾರೆ ಮತ್ತು ಊಟ ಮುಗಿಸಿಕೊಂಡು ಹೊರಟಿದ್ದರು. ಅಜ್ಜಯ್ಯನ ಜರಿ ರುಮಾಲಿನ ಮೇಲೆ ಇನ್ನೂ ಅಕ್ಷತೆ ಇತ್ತು. ಅವರು ಅಮ್ಮನನ್ನು ನೋಡಲಿಲ್ಲ. ನೇರ ಚಾಪೆಯ ಹತ್ತಿರ ಹೋಗಿ, ಬಿಚ್ಚಿ, ನಳಿಗೆಯನ್ನು ದಿಮ್ಮಿಗೆ ಕೂಡಿಸಲು ಹೋದರು. ಎರಡು ಸಲ ತಪ್ಪಿತು. ಅಮ್ಮ ಎದ್ದು ಅವರ ಕೈಯಿಂದ ತೆಗೆದುಕೊಂಡು ಟಕ್ಕೆಂದು ಕೂಡಿಸಿ ಕೊಟ್ಟಳು. ಹೆಡ್ ಕಾನ್‌ಸ್ಟೇಬಲ್ ಬೇರೆ ಕಡೆ ನೋಡಿದರು. ಕೇಸು ಗೀಸು ಬೇಡ, ಹೆಂಗಸರು ಗೊತ್ತಿಲ್ಲದೆ ಮಾಡಿದ್ದು ಎಂದು ಅಜ್ಜಯ್ಯನಿಂದ ಸಹಿ ಹಾಕಿಸಿಕೊಂಡರು.

"ಮನೆ ಮರ್ಯಾದೆನ ಚಾಪೇಲಿ ಸುತ್ಕಂಡು ಬಸ್ಸಲ್ಲಿ ತಂದ್ಯಲ್ಲ," ಎಂದರು ಅಜ್ಜಯ್ಯ.

"ಮಾವಯ್ಯ, ನಾನು ಕೆರೆಕಟ್ಟೆಗೆ ಹೋಗ್ತೀನಿ."

ಹೋಗಲಾ ಎಂದು ಅಮ್ಮ ಕೇಳಲಿಲ್ಲ, ಹೋಗ್ತೀನಿ ಎಂದಳು. ಅಜ್ಜಯ್ಯ ಬಾಯಿ ತೆರೆದರು. ಅಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಹೊರಗೆ ಹೋಗಿ, ಮೀನು ಇಳಿಸಿ ಖಾಲಿಯಾಗಿ ಘಟ್ಟದ ಕೆಳಗೆ ವಾಪಸು ಹೋಗುತ್ತಿದ್ದ ಲಾರಿಯೊಂದಕ್ಕೆ ಕೈ ಅಡ್ಡ ಹಾಕಿದ್ದರು. ಅದು ಕೆರೆಕಟ್ಟೆಯ ಮೇಲೇ ಹೋಗುವುದು. ಠಾಣೆಯವರ ಎದುರಿಗೆ ಅಜ್ಜಯ್ಯ ಸೊಸೆಯನ್ನು ತಡೆಯುವ ಹಾಗಿರಲಿಲ್ಲ. ನಾಳೆಯೇ ಬರಬೇಕು ಎಂದಷ್ಟೇ ಹೇಳಿದರು. ನಾವು ಡ್ರೈವರ್ ಪಕ್ಕ ಕೂತು, ಮೀನಿನ ವಾಸನೆ ಕುಡಿಯುತ್ತ, ಹೊತ್ತು ಮುಳುಗುವಾಗ ಕೆರೆಕಟ್ಟೆಯಲ್ಲಿ ಇಳಿದೆವು. ತವರಿನ ಅಂಗಳದಲ್ಲಿ ಜನ ಸೇರಿಲ್ಲ, ಅವ್ವ ಇನ್ನೂ ಇದ್ದಾಳೆ ಎಂದು ದೂರದಿಂದ ಕಂಡ ಮೇಲೆ ಅಮ್ಮ ಓಡಲು ಶುರು ಮಾಡಿದಳು.

ಅಜ್ಜಿ ಒಲೆಯ ಕೋಣೆಯ ಪಕ್ಕ ಮಲಗಿದ್ದಳು. ಕೆನ್ನೆ ಒಳಗೆ ಹೋಗಿ ಬೇರೆ ಯಾರೋ ಆಗಿದ್ದಳು. ಅಮ್ಮ ಅವ್ವಾ ಎಂದು ಕರೆದಾಗ ಕಣ್ಣು ತೆರೆದು, ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮುಖ ಅರಳಿತು.

"ಓಟು ಬಂತೇನೇ?"

ಅಮ್ಮ ನನ್ನ ಕಡೆ ಒಂದು ಸಲ ನೋಡಿದಳು. ಅಜ್ಜಿಯ ಅಂಗೈ ತೆಗೆದು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಹೂಂ ಅವ್ವ. ಬಂತು."

"ಹಂಗಾರೆ ತಿಂಗ್ಳು ಇರ್ತೀಯ."

"ಇರ್ತೀನಿ."

ಅವತ್ತು ಅಜ್ಜಿ ಆರು ದಿನಗಳ ಮೇಲೆ ಗಂಜಿ ಕುಡಿದಳು. ಬೆಳಿಗ್ಗೆ ದಿಂಬಿಗೆ ಒರಗಿ ಕೂತು, ಈ ಸಲ ಯಾರ್ಯಾರು ನಿಂತಿದ್ದಾರೆ ಎಂದು ಕೇಳಿದಳು. ಅಮ್ಮ ಸ್ವಲ್ಪವೂ ತಡವರಿಸದೆ, ನಮ್ಮ ಶಾಲೆಯ ಹೆಡ್ ಮಾಸ್ತರರು ಒಂದು ಕಡೆಯಿಂದ, ಅಕ್ಕಿ ಗಿರಣಿಯವರು ಇನ್ನೊಂದು ಕಡೆಯಿಂದ ಎಂದಳು. ಅಜ್ಜಿಗೆ ಗಿರಣಿಯವರು ಇಷ್ಟವಾಗಲಿಲ್ಲ. ಮಾಸ್ತರರ ಗುರುತು ಏನು ಎಂದು ನನ್ನನ್ನು ಕೇಳಿದಳು. ಕೊಡೆ ಎಂದೆ. ಸೋದರಮಾವ ನಗು ತಡೆಯಲಾರದೆ ಹೊರಗೆ ಹೋಗಿ ಅತ್ತರು. ಹೀಗೆ ನಾವು ಇಲ್ಲದ ಚುನಾವಣೆಯೊಂದನ್ನು ಆ ಮನೆಯಲ್ಲಿ ನಡೆಸುತ್ತಿದ್ದೆವು. ಮರುದಿನ ಹೊತ್ತೇರಿದ ಮೇಲೆ ಅಮ್ಮ ಜಗಲಿಯಲ್ಲಿ ಕೂತು ನನ್ನ ಜಡೆ ಹೆಣೆಯುತ್ತಿರುವಾಗ ಅಪ್ಪಯ್ಯ ಬಂದರು. ಅವರು ಕರೆದುಕೊಂಡು ಹೋಗಲು ಬಂದಿದ್ದರು ಎಂದು ಹೇಳುವುದೇನೂ ಬೇಕಾಗಿರಲಿಲ್ಲ. ಒಳಗೆ ಮಲಗಿದ್ದಲ್ಲಿಂದಲೇ ಅಜ್ಜಿ ಬಾಗಿಲ ಮೂಲಕ ಅವರನ್ನು ನೋಡಿದಳು. ನೋಡಿ, ಹೊದಿಕೆಯನ್ನು ಎದೆಗೆ ಎಳೆದುಕೊಂಡಳು.

"ಅಳಿಯಂದ್ರು ಬಂದ್ರಾ. ಎಣಿಕೆ ಅಷ್ಟು ಬೇಗ ಮುಗೀತಾ? ಯಾರು ಗೆದ್ರು?"

ಅಪ್ಪಯ್ಯ ಅಮ್ಮನ ಕಡೆ ನೋಡಿದರು. ಅಮ್ಮ ನನ್ನ ಕೂದಲನ್ನೇ ನೋಡುತ್ತಿದ್ದಳು. ಅವಳ ಬೆರಳುಗಳು ನಿಂತಿದ್ದವು. ಅಪ್ಪಯ್ಯ ಹೊಸಿಲ ಹತ್ತಿರ ಹೋಗಿ, ತಲೆ ಬಗ್ಗಿಸಿ, ತಮ್ಮ ಜೀವಮಾನದಲ್ಲಿ ಮೊದಲ ಸಲ ತಮ್ಮ ಅಪ್ಪನ ಅಪ್ಪಣೆಗೆ ಹೂಂ ಅಲ್ಲದ ಒಂದು ಮಾತು ಹೇಳಿದರು.

"ಇಲ್ಲ ಅತ್ತೆ. ಇನ್ನೂ ಓಟೇ ಆಗಿಲ್ಲ. ಇನ್ನೂ ತಿಂಗ್ಳಿದೆ. ಸುಮ್ನೆ ನೋಡ್ಕಂಡು ಹೋಗಕೆ ಬಂದೆ."

ಅಜ್ಜಿ ಅದಾದ ಮೇಲೆ ಹತ್ತೊಂಬತ್ತು ದಿನ ಬದುಕಿದಳು. ಅಷ್ಟೂ ದಿನ ಅಮ್ಮ ಅವಳ ಮಗ್ಗುಲಲ್ಲಿದ್ದಳು, ಕೊನೆಯ ನೀರು ಬಿಟ್ಟದ್ದೂ ಅವಳೇ. ಅದಕ್ಕಾಗಿ ಅಪ್ಪಯ್ಯನನ್ನು ನಾನು ಯಾವತ್ತೂ ಬೈಯಲಾರೆ. ಆದರೆ ಅವರು ಅವತ್ತು ಒಬ್ಬರೇ ವಾಪಸು ಹೋಗುವ ಹಾಗಿರಲಿಲ್ಲ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಅಂಗಳ ನೋಡುತ್ತ ಮೆಲ್ಲಗೆ ಹೇಳಿದರು.

"ಅಜ್ಜಯ್ಯಂಗೆ ಹೊತ್ತಿಗೆ ಗಂಜಿ ಆಗ್ಬೇಕು. ಮನೇಲಿ ಒಬ್ರಾದ್ರೂ ಬೇಕಲ್ಲ."

ಯಾರ ಹೆಸರನ್ನೂ ಹೇಳಲಿಲ್ಲ. ಮೊನ್ನೆ ಅಮ್ಮ ನನ್ನನ್ನು ಕೇಳಿದ್ದಳು, ನಾನು ಇಲ್ಲ ಎಂದಿದ್ದೆ. ಈಗ ಯಾರೂ ಕೇಳಲಿಲ್ಲ. ಅಮ್ಮ ಬೇಡ ಅನ್ನುತ್ತಾಳೆ, ಅವಳಿನ್ನೂ ಚಿಕ್ಕವಳು, ಅವಳಿಗೆ ಕೋವಿ ಎಂದರೆ ಹೆದರಿಕೆ ಅನ್ನುತ್ತಾಳೆ ಎಂದು ನಾನು ಕಾದೆ. ಅವಳು ಅರ್ಧಕ್ಕೆ ನಿಂತಿದ್ದ ಜಡೆಯನ್ನು ಪೂರ್ತಿ ಹೆಣೆದಳು, ರಿಬ್ಬನ್ನು ಎರಡು ಸುತ್ತು ಬಿಗಿಯಾಗಿ ಕಟ್ಟಿದಳು. ಆಮೇಲೆ ನನ್ನ ಎರಡೂ ಹೆಗಲು ಹಿಡಿದು, ಮೆತ್ತಗೆ, ಅಪ್ಪಯ್ಯನ ಕಡೆಗೆ ತಿರುಗಿಸಿದಳು.